ದ್ರಾವಕವನ್ನು ದ್ರವ ಎನ್ನಬೇಡಿ: ಕನ್ನಡ ಮಾಧ್ಯಮದ ರಸಾಯನಶಾಸ್ತ್ರ ಪಠ್ಯ ಸಿದ್ಧಪಡಿಸುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಕೇರಳದ ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆ ಮಲಯಾಳ, ಇಂಗ್ಲಿಷ್, ತಮಿಳು, ಕನ್ನಡ ಹೀಗೆ ನಾಲ್ಕು ಭಾಷೆಗಳಲ್ಲಿ ಅಚ್ಚಾಗುತ್ತದೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮದ ಮಕ್ಕಳು ಹತ್ತನೆಯ ತನಕ ರಸಾಯನಶಾಸ್ತ್ರವನ್ನು ಕನ್ನಡದಲ್ಲಿ ಓದಿ, ಪ್ಲಸ್ ವನ್‌ಗೆ (ಹನ್ನೊಂದನೆಯ ತರಗತಿಗೆ) ಹೋದ ಕೂಡಲೇ ಇಂಗ್ಲಿಷಿಗೆ ಹೊರಳಬೇಕು. ಪಾಠವೊಂದು ಮಲಯಾಳದಿಂದಲೋ ಇಂಗ್ಲಿಷಿನಿಂದಲೋ ಕನ್ನಡಕ್ಕೆ ಬರುವಾಗ ಒಂದನ್ನೊಂದು ಹೋಲುವ ಪಾರಿಭಾಷಿಕ ಪದಗಳು ಅದಲುಬದಲಾಗುವುದು ಸುಲಭ. ಅಕ್ಷರ ತಪ್ಪಿದರೆ ಕಣ್ಣಿಗೆ ಬೀಳುತ್ತದೆ. ಪದ ತಪ್ಪಿದರೆ ವಾಕ್ಯ ಚೆನ್ನಾಗಿಯೇ ಓದಿಸಿಕೊಂಡು ಹೋಗುತ್ತದೆ, ಲೆಕ್ಕ ಮಾತ್ರ ತಪ್ಪುತ್ತದೆ.

ಆದ್ದರಿಂದ ನಮ್ಮ ಕೋರಿಕೆ ಇದು. ಪಠ್ಯದ ಕೊನೆಯ ಪದಪಟ್ಟಿಯಲ್ಲಿ ಒಂದು ಪದದ ಎದುರು ಇನ್ನೊಂದು ಪದ ಬರೆದು ಕೈಬಿಡಬೇಡಿ. ಹೋಲುವ ಪದಗಳನ್ನು ಅಕ್ಕಪಕ್ಕ ಇಟ್ಟು, ಯಾವುದನ್ನು ಯಾವುದರಿಂದ ಭಾಗಿಸಬೇಕು, ಏಕಮಾನ ಯಾವುದು, ಯಾವ ಪರೀಕ್ಷೆ ಮಾಡಿದರೆ ಇವೆರಡೂ ಬೇರೆ ಎಂದು ಗೊತ್ತಾಗುತ್ತದೆ ಎಂಬುದನ್ನು ಅಲ್ಲೇ ಒಂದೆರಡು ಸಾಲಿನಲ್ಲಿ ಕೊಡಿ. ಅದು ಏಕೆ ಬೇಕು ಎನ್ನುವುದನ್ನು ಈ ಜಿಲ್ಲೆಯ ಮಕ್ಕಳಿಗೆ ಪರಿಚಯವಿರುವ ವಸ್ತುಗಳಿಂದಲೇ ವಿವರಿಸುತ್ತೇವೆ.

ಮೊದಲು ಗಡಿನಾಡಿನದ್ದೇ ಆದ ಒಂದು ತೊಡಕು. ಮಲಯಾಳದಲ್ಲಿ 'ದ್ರಾವಕಂ' ಎಂದರೆ ಹರಿಯುವ ವಸ್ತು, ಅಂದರೆ ನಮ್ಮ ದ್ರವ. ಕನ್ನಡದಲ್ಲಿ ದ್ರಾವಕ ಎಂದರೆ ಕರಗಿಸಿಕೊಳ್ಳುವ ವಸ್ತು. ಮಲಯಾಳದವರು ಅದಕ್ಕೆ 'ಲಾಯಕಂ' ಎನ್ನುತ್ತಾರೆ. ಹಾಗಾಗಿ 'ಬ್ರೋಮಿನ್ ಸಾಮಾನ್ಯ ತಾಪದಲ್ಲಿ ದ್ರಾವಕ' ಎಂದು ಬರೆದರೆ ಮಲಯಾಳ ಬಲ್ಲವರಿಗೆ ಏನೂ ತಪ್ಪೆನಿಸದು, ಕನ್ನಡದ ಹುಡುಗಿ ಮಾತ್ರ ಬ್ರೋಮಿನ್‌ನಲ್ಲಿ ಏನನ್ನು ಕರಗಿಸುತ್ತಾರೆ ಎಂದು ಯೋಚಿಸುತ್ತಾಳೆ. ದ್ರವ ಒಂದು ಸ್ಥಿತಿ. ದ್ರಾವಕ ಒಂದು ಪಾತ್ರ. ಕರಗುವುದು ದ್ರಾವ್ಯ, ಎರಡೂ ಸೇರಿ ಆಗುವುದು ದ್ರಾವಣ.

ಇದರ ತದ್ವಿರುದ್ಧದ ತೊಂದರೆ 'ಸಾಂದ್ರತೆ'ಯದು. ಮಲಯಾಳದಲ್ಲಿ ಘನ ಅಳತೆಗೆ ಎಷ್ಟು ತೂಕ ಎಂಬುದಕ್ಕೆ 'ಸಾಂದ್ರತ', ದ್ರಾವಣದಲ್ಲಿ ಎಷ್ಟು ಕರಗಿದೆ ಎಂಬುದಕ್ಕೆ 'ಗಾಢತ' ಎಂದು ಎರಡು ಪದಗಳಿವೆ. ಕನ್ನಡದಲ್ಲಿ ಎರಡಕ್ಕೂ ಸಾಂದ್ರತೆಯನ್ನೇ ಬಳಸುವವರು ಬಹಳ. ಪ್ರಯೋಗಶಾಲೆಗೆ ಬರುವ ಸಲ್ಫ್ಯೂರಿಕ್ ಆಮ್ಲದ ಬಾಟಲಿಯಲ್ಲಿ 1.84 ಎಂದೂ ಇರುತ್ತದೆ, ಶೇ. 98 ಎಂದೂ ಇರುತ್ತದೆ. ಮೊದಲನೆಯದು ಒಂದು ಮಿ.ಲೀ. ಆಮ್ಲದ ತೂಕ, ಗ್ರಾಂನಲ್ಲಿ. ಎರಡನೆಯದು 100 ಗ್ರಾಂನಲ್ಲಿ ನಿಜವಾದ ಆಮ್ಲ ಎಷ್ಟು ಗ್ರಾಂ ಎಂಬುದು. ಒಂದು ಲೀಟರ್ 1 ಮೋಲಾರ್ ಆಮ್ಲ, ಅಂದರೆ ಲೀಟರಿಗೆ ಒಂದು ಮೋಲ್ (ಅಣುಗಳನ್ನು ಎಣಿಸುವ ಏಕಮಾನ; ಈ ಆಮ್ಲದ ಒಂದು ಮೋಲ್ 98 ಗ್ರಾಂ) ಇರುವ ದ್ರಾವಣ ಬೇಕಾದರೆ ಎರಡೂ ಸಂಖ್ಯೆಗಳು ಬೇಕು: 98 ಗ್ರಾಂ ಆಮ್ಲಕ್ಕೆ 100 ಗ್ರಾಂ ಬಾಟಲಿಯ ದ್ರವ, ಅದನ್ನು 1.84ರಿಂದ ಭಾಗಿಸಿದರೆ ಸುಮಾರು 54 ಮಿ.ಲೀ. ಸಾಂದ್ರತೆಯಿಂದ ಭಾಗಿಸಲು ಮರೆತವರು 100 ಮಿ.ಲೀ. ಸುರಿದು, ಬೇಕಾದ್ದಕ್ಕಿಂತ ಸುಮಾರು ಒಂದೂಮುಕ್ಕಾಲು ಪಟ್ಟು ಗಟ್ಟಿ ಆಮ್ಲ ಮಾಡಿಡುತ್ತಾರೆ. (ಆಮ್ಲವನ್ನು ನೀರಿಗೆ, ಸ್ವಲ್ಪ ಸ್ವಲ್ಪವಾಗಿ, ಕಲಕುತ್ತಾ ಹಾಕಬೇಕು, ತಣಿದ ಮೇಲೆಯೇ ಗೆರೆಯ ತನಕ ನೀರು ತುಂಬಬೇಕು. ಬಿಸಿಯಿರುವಾಗ ತುಂಬಿದರೆ ತಣಿದಾಗ ಮಟ್ಟ ಇಳಿಯುತ್ತದೆ.) ತೂಕದ ಅಳತೆಗೆ ಸಾಂದ್ರತೆ, ಕರಗಿದ್ದರ ಅಳತೆಗೆ ಸಾರತೆ ಎಂದು ಒಮ್ಮೆ ನಿರ್ಧರಿಸಿ, ಎಂಟರಿಂದ ಹತ್ತರ ತನಕ ಅದನ್ನೇ ಉಳಿಸಿಕೊಂಡರೆ ಸಾಕು. ನಿಮಗೆ ಬೇರೆ ಪದ ಇಷ್ಟವಾದರೆ ಅದೂ ಆಗಬಹುದು. ಒಂದು ತರಗತಿಯಲ್ಲಿ ಒಂದು, ಮುಂದಿನ ತರಗತಿಯಲ್ಲಿ ಇನ್ನೊಂದು ಮಾತ್ರ ಬೇಡ.

ಹೆಚ್ಚು ಅಪಾಯ ಇರುವುದು 'ಪ್ರಬಲ' ಮತ್ತು 'ಸಾರೀಕೃತ'ದ ನಡುವೆ. ಈ ಕಡೆಯ ಎಷ್ಟೋ ಮನೆಗಳಲ್ಲಿ ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಿ ಶೀಟು ಮಾಡಲು ಫಾರ್ಮಿಕ್ ಆಮ್ಲ ಇರುತ್ತದೆ. ಪಠ್ಯದ ಪ್ರಕಾರ ಅದು ದುರ್ಬಲ ಆಮ್ಲ. 'ದುರ್ಬಲ' ಎಂದರೆ ಪಾಪದ ಆಮ್ಲ ಎಂದು ಮಗು ತಿಳಿದುಕೊಂಡರೆ ತಪ್ಪು ಮಗುವಿನದಲ್ಲ. ಅಂಗಡಿಯಲ್ಲಿ ಸಿಗುವ ಶೇ. 85ರ ಫಾರ್ಮಿಕ್ ಆಮ್ಲದಲ್ಲಿ ಲೀಟರಿಗೆ ಸುಮಾರು 22 ಮೋಲ್ ಆಮ್ಲವಿದೆ. ಚರ್ಮದ ಮೇಲೆ ಬಿದ್ದರೆ ಬೊಬ್ಬೆ ಏಳುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಅದು ದುರ್ಬಲವೂ ಹೌದು, ಸಾರೀಕೃತವೂ ಹೌದು. ಪ್ರಬಲ–ದುರ್ಬಲ ಎಂಬುದು ನೀರಿನಲ್ಲಿ ಎಷ್ಟು ಪಾಲು ಅಣುಗಳು ಅಯಾನುಗಳಾಗುತ್ತವೆ (ವಿದ್ಯುದಾವೇಶದ ಕಣಗಳಾಗಿ ಒಡೆಯುತ್ತವೆ) ಎಂಬ ಲೆಕ್ಕ. ಸಾರೀಕೃತ–ಸಾರರಿಕ್ತ ಎಂಬುದು ಒಂದು ಲೀಟರಿನಲ್ಲಿ ಆಮ್ಲ ಎಷ್ಟಿದೆ ಎಂಬ ಲೆಕ್ಕ. ನೀರು ಬೆರೆಸಿ ಸಾರೀಕೃತವನ್ನು ಸಾರರಿಕ್ತ ಮಾಡಬಹುದು. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಎಷ್ಟು ನೀರು ಬೆರೆಸಿದರೂ ಅದು ದುರ್ಬಲ ಆಮ್ಲ ಆಗುವುದಿಲ್ಲ.

ಇದನ್ನು ತೋರಿಸುವ ಪ್ರಯೋಗ ಯಾವ ಪ್ರೌಢಶಾಲೆಯಲ್ಲೂ ಮಾಡುವಂಥದ್ದು. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ, 0.1 ಮೋಲಾರ್ ಫಾರ್ಮಿಕ್ ಆಮ್ಲ, ಎರಡನ್ನೂ ತಲಾ 10 ಮಿ.ಲೀ. ತೆಗೆದುಕೊಳ್ಳಿ. ಪಿಎಚ್ (ಆಮ್ಲೀಯತೆಯ ಅಳತೆ, ಸಂಖ್ಯೆ ಇಳಿದಷ್ಟೂ ಆಮ್ಲೀಯತೆ ಹೆಚ್ಚು) ನೋಡಿದರೆ ಮೊದಲನೆಯದು 1, ಎರಡನೆಯದು ಸುಮಾರು 2.4. ಫಾರ್ಮಿಕ್ ಆಮ್ಲದ ಅಣುಗಳಲ್ಲಿ ನೂರಕ್ಕೆ ನಾಲ್ಕರಷ್ಟು ಮಾತ್ರ ಅಯಾನುಗಳಾಗಿವೆ. ಒಂದೇ ಅಳತೆಯ ಮೆಗ್ನೀಸಿಯಂ ತುಂಡು ಹಾಕಿದರೆ ಮೊದಲನೆಯದರಲ್ಲಿ ಗುಳ್ಳೆ ಭರದಿಂದ, ಎರಡನೆಯದರಲ್ಲಿ ನಿಧಾನವಾಗಿ. ಆಮೇಲೆ ಎರಡನ್ನೂ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಅನುಮಾಪನ (ಹನಿಹನಿಯಾಗಿ ಹಾಕಿ, ಆಮ್ಲ ತಟಸ್ಥವಾಗಲು ಎಷ್ಟು ಬೇಕೆಂದು ಅಳೆಯುವುದು) ಮಾಡಿ, ಸೂಚಕವಾಗಿ (ಬಣ್ಣ ಬದಲಿಸಿ ಅದನ್ನು ತೋರಿಸುವ ವಸ್ತುವಾಗಿ) ಫಿನಾಲ್ಫ್ತಲೀನ್ ಹಾಕಿ. ಎರಡಕ್ಕೂ ಖರ್ಚಾಗುವುದು ಅದೇ 10 ಮಿ.ಲೀ. ಆಮ್ಲ ದುರ್ಬಲವಾದ ಮಾತ್ರಕ್ಕೆ ಕಡಿಮೆ ಪ್ರತ್ಯಾಮ್ಲ (ಬೇಸ್) ಸಾಕಾಗದು. ಈ ಕೊನೆಯ ಹಂತವನ್ನು ಪಠ್ಯ ಬಿಟ್ಟುಬಿಟ್ಟರೆ ಪದಗಳ ನಡುವಿನ ಅಂತರ ಅರ್ಧ ಮಾತ್ರ ಗೊತ್ತಾಗುತ್ತದೆ.

ಇದೇ ಪ್ರಯೋಗದಲ್ಲಿ ಇನ್ನೊಂದು ಜೋಡಿಯೂ ಬಯಲಾಗುತ್ತದೆ: ಸಮಾನತಾ ಬಿಂದು ಮತ್ತು ಅಂತಿಮ ಬಿಂದು. ಆಮ್ಲಕ್ಕೆ ಸರಿಸಮ ಪ್ರತ್ಯಾಮ್ಲ ಬಿದ್ದ ಕ್ಷಣ ಸಮಾನತಾ ಬಿಂದು. ಸೂಚಕದ ಬಣ್ಣ ಬದಲಾದ ಕ್ಷಣ ಅಂತಿಮ ಬಿಂದು. ಒಂದು ಲೆಕ್ಕದಲ್ಲಿ, ಇನ್ನೊಂದು ಕಣ್ಣಿನಲ್ಲಿ. ಫಾರ್ಮಿಕ್ ಆಮ್ಲದ ಸಮಾನತಾ ಬಿಂದುವಿನಲ್ಲಿ ಪಿಎಚ್ ಸುಮಾರು 8.2, ಫಿನಾಲ್ಫ್ತಲೀನ್ ಗುಲಾಬಿಯಾಗಲು ಶುರುವಾಗುವುದೂ ಅಲ್ಲೇ. ಆದರೆ ಮೀಥೈಲ್ ಆರೆಂಜ್ ಹಾಕಿ ನೋಡಿ. ಅದರ ಬಣ್ಣ ತಿರುಗುವುದು 3.1ರಿಂದ 4.4ರ ನಡುವೆ. 10 ಮಿ.ಲೀ. ಬೇಕಾದಲ್ಲಿ ಸುಮಾರು 2 ಮಿ.ಲೀ.ಗೇ ಬಣ್ಣ ಕದಲಲು ಶುರುವಾಗಿ 8 ಮಿ.ಲೀ. ತನಕ ಎಳೆಯುತ್ತದೆ, ಎಲ್ಲಿ ನಿಲ್ಲಿಸಬೇಕೆಂದು ಯಾರಿಗೂ ತಿಳಿಯದು. ಹೈಡ್ರೋಕ್ಲೋರಿಕ್ ಆಮ್ಲಕ್ಕಾದರೆ ಅದೇ ಮೀಥೈಲ್ ಆರೆಂಜ್ ಸಾಕು. ಎರಡೂ ಬಿಂದುಗಳಿಗೆ 'ಕೊನೆಯ ಬಿಂದು' ಎಂದು ಒಂದೇ ಹೆಸರಿಟ್ಟರೆ, ಸೂಚಕವನ್ನು ಆರಿಸಬೇಕಾದದ್ದು ಏಕೆ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ಮೋಲಾರ್, ಮೋಲಾಲ್. ಕನ್ನಡ ಲಿಪಿಯಲ್ಲಿ ಒಂದೇ ವ್ಯಂಜನದ ವ್ಯತ್ಯಾಸ. ಸಣ್ಣ ಅಕ್ಷರದ ಪ್ರಶ್ನೆಪತ್ರಿಕೆಯಲ್ಲಿ ಕಣ್ಣು ಜಾರಿಯೇ ಜಾರುತ್ತದೆ. ಮೋಲಾರ್‌ನಲ್ಲಿ ಭಾಗಿಸುವುದು ಒಟ್ಟು ದ್ರಾವಣದ ಲೀಟರಿನಿಂದ, ಮೋಲಾಲ್‌ನಲ್ಲಿ ದ್ರಾವಕದ ಕಿಲೋದಿಂದ. 342 ಗ್ರಾಂ ಸಕ್ಕರೆಯನ್ನು ಒಂದು ಕಿಲೋ ನೀರಿಗೆ ಹಾಕಿದರೆ 1 ಮೋಲಾಲ್. ಆ ದ್ರಾವಣದ ಒಟ್ಟು ಗಾತ್ರ ಸುಮಾರು 1.21 ಲೀಟರ್ ಆಗುವುದರಿಂದ ಅದು 0.82 ಮೋಲಾರ್ ಮಾತ್ರ. ಮೇಲೆ ಹೇಳಿದ ಶೇ. 98ರ ಸಲ್ಫ್ಯೂರಿಕ್ ಆಮ್ಲವಾದರೋ 18.4 ಮೋಲಾರ್, ಅದರ ಮೋಲಾಲಿಟಿ ಲೆಕ್ಕ ಹಾಕಿದರೆ ಸುಮಾರು 500. ಒಂದು ಕಿಲೋ ಆಮ್ಲದಲ್ಲಿ ನೀರಿರುವುದು ಬರೇ 20 ಗ್ರಾಂ, ಅದರಿಂದ ಭಾಗಿಸುವ ಕಾರಣ. ತೆಳು ದ್ರಾವಣಗಳಲ್ಲಿ ಎರಡೂ ಹತ್ತಿರ ಹತ್ತಿರ ಬರುತ್ತವೆ, ಗೊಂದಲ ಬೇರೂರುವುದೇ ಅಲ್ಲಿ. ಬಿಸಿಲಿನ ವಿಷಯವೂ ಇದೆ: ನೀರು 20 ಡಿಗ್ರಿಯಿಂದ 34 ಡಿಗ್ರಿಗೆ ಏರಿದರೆ ಶೇ. 0.4ರಷ್ಟು ಹಿಗ್ಗುತ್ತದೆ, ಮೋಲಾರಿಟಿ ಅಷ್ಟು ಇಳಿಯುತ್ತದೆ, ಮೋಲಾಲಿಟಿ ಅಲ್ಲಾಡುವುದಿಲ್ಲ. 'ಒಂದು ಲೀಟರ್ ನೀರಿನಲ್ಲಿ ಕರಗಿಸಿ' ಎಂಬುದಕ್ಕೂ 'ಕರಗಿಸಿ ಒಂದು ಲೀಟರ್ ಮಾಡಿ' ಎಂಬುದಕ್ಕೂ ಇರುವ ಅಂತರವನ್ನು ಅನುವಾದದಲ್ಲಿ ದಯವಿಟ್ಟು ಕಾಯ್ದುಕೊಳ್ಳಿ.

ಇನ್ನು ಮೈಲುತುತ್ತು, ಅಂದರೆ ನೀಲಿ ಹರಳಿನ ತಾಮ್ರದ ಸಲ್ಫೇಟ್. ಅಡಿಕೆ ತೋಟವಿರುವ ಮನೆಯ ಮಗುವಿಗೆ ಇದಕ್ಕಿಂತ ಒಳ್ಳೆಯ ರಸಾಯನಶಾಸ್ತ್ರದ ಪಾಠ ಸಿಗಲಾರದು. ಕೊಳೆರೋಗಕ್ಕೆ ಮದ್ದು ಬಿಡುವ ಶೇ. 1ರ ಬೋರ್ಡೋ ಮಿಶ್ರಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ತುತ್ತನ್ನು 50 ಲೀಟರಿನಲ್ಲಿ, ಸುಣ್ಣವನ್ನು 50 ಲೀಟರಿನಲ್ಲಿ ಬೇರೆ ಬೇರೆ ಕದಡಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯುತ್ತಾರೆ. ಪಾತ್ರೆ ಪ್ಲಾಸ್ಟಿಕ್ಕಿನದಾಗಬೇಕು, ಕಬ್ಬಿಣದ್ದು ಬೇಡ. ಈ ನಾಲ್ಕು ಸಾಲಿನಲ್ಲಿ ಹೋಲುವ ಪದಗಳ ಮೂರು ಗುಂಪುಗಳಿವೆ.

ಮೊದಲನೆಯದು, ಜಲಯುಕ್ತ ಮತ್ತು ಜಲರಹಿತ. ನೀಲಿ ಹರಳಿನ ತುತ್ತಿನಲ್ಲಿ ಪ್ರತಿ ತಾಮ್ರದ ಸಲ್ಫೇಟಿಗೆ ಐದು ನೀರಿನ ಅಣುಗಳಿವೆ, ಮೋಲ್‌ಗೆ 249.7 ಗ್ರಾಂ, ತಾಮ್ರ ಶೇ. 25.5. ಕಾಯಿಸಿ ನೀರು ಹೋದ ಬಿಳಿ ಪುಡಿ ಮೋಲ್‌ಗೆ 159.6 ಗ್ರಾಂ, ತಾಮ್ರ ಶೇ. 39.8. ಪ್ರಶ್ನೆಯಲ್ಲಿ ಬರೇ 'ಕಾಪರ್ ಸಲ್ಫೇಟ್' ಎಂದಿದ್ದರೆ ಯಾವುದು? 250 ಮಿ.ಲೀ. 0.1 ಮೋಲಾರ್ ದ್ರಾವಣಕ್ಕೆ ನೀಲಿಯದಾದರೆ 6.24 ಗ್ರಾಂ, ಬಿಳಿಯದಾದರೆ 3.99 ಗ್ರಾಂ. ಬಿಳಿಯದರ ಲೆಕ್ಕ ಮಾಡಿ ನೀಲಿ ಹರಳು ತೂಗಿದರೆ ಸಿಗುವುದು 0.064 ಮೋಲಾರ್. ಪ್ಲಸ್ ವನ್‌ನಲ್ಲಿ ಬರುವ ಆಕ್ಸಾಲಿಕ್ ಆಮ್ಲದ್ದೂ ಇದೇ ಕಥೆ: ಅಷ್ಟೇ ದ್ರಾವಣಕ್ಕೆ ಎರಡು ನೀರಿನ ಅಣುಗಳಿರುವ ಹರಳು 3.15 ಗ್ರಾಂ, ನೀರಿಲ್ಲದ್ದು 2.25 ಗ್ರಾಂ. ಜೊತೆಗೆ ಅದೇ 0.1 ಮೋಲಾರ್ ಆಕ್ಸಾಲಿಕ್ ಆಮ್ಲ 0.2 ನಾರ್ಮಲ್ (ಲೀಟರಿಗೆ ಕೊಡಬಲ್ಲ ಹೈಡ್ರೋಜನ್ ಅಯಾನಿನ ಮೋಲ್ ಲೆಕ್ಕ) ಆಗಿರುತ್ತದೆ, ಒಂದು ಅಣು ಎರಡು ಹೈಡ್ರೋಜನ್ ಅಯಾನು ಕೊಡುವುದರಿಂದ.

ಎರಡನೆಯದು, ಸುಣ್ಣ. ಸುಣ್ಣಕಲ್ಲು ಅಥವಾ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಸುಟ್ಟರೆ ಕ್ಯಾಲ್ಸಿಯಂ ಆಕ್ಸೈಡ್, ಅದು ಸುಟ್ಟಸುಣ್ಣ. ನೀರು ಚಿಮುಕಿಸಿದಾಗ ಬಿಸಿಯಾಗಿ ಅರಳಿ ಹೈಡ್ರಾಕ್ಸೈಡ್ ಆದದ್ದು ಅರಳಿದ ಸುಣ್ಣ. ಆಡುಮಾತಿನಲ್ಲಿ ಎಲ್ಲವೂ ಸುಣ್ಣವೇ. ಒಂದು ಕಿಲೋ ತುತ್ತಿನ ತಾಮ್ರವನ್ನೆಲ್ಲ ಹೈಡ್ರಾಕ್ಸೈಡ್ ಮಾಡಲು ಲೆಕ್ಕದ ಪ್ರಕಾರ ಶುದ್ಧ ಸುಟ್ಟಸುಣ್ಣ ಸುಮಾರು 225 ಗ್ರಾಂ, ಶುದ್ಧ ಅರಳಿದ ಸುಣ್ಣ ಸುಮಾರು 300 ಗ್ರಾಂ ಸಾಕು. ಒಂದು ಕಿಲೋ ಹಾಕಿ ಎನ್ನುವುದು ತೋಟಕ್ಕೆ ಬರುವ ಸುಣ್ಣ ಶುದ್ಧವಾಗಿರದ ಕಾರಣ. ಗೋಣಿಯಲ್ಲಿ ತಿಂಗಳುಗಟ್ಟಲೆ ಬಿದ್ದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ತಿರುಗಿ ಕಾರ್ಬೊನೇಟ್ ಆಗುತ್ತಾ ಬರುತ್ತದೆ. ನೋಡಲು ಬಿಳಿ ಪುಡಿಯೇ, ಆದರೆ ತುತ್ತನ್ನು ಪೂರ್ತಿ ತಟಸ್ಥಗೊಳಿಸುವ ಕಸು ಇಲ್ಲ. ಆಗ ನೀರಿನಲ್ಲಿ ಕರಗಿದ ತಾಮ್ರ ಉಳಿದು ಎಳೆಯ ಕಾಯಿ, ಹಿಂಗಾರ ಸುಡುತ್ತದೆ. ಅದಕ್ಕೇ ಹೊಳೆಯುವ ಕತ್ತಿಯ ಅಲಗನ್ನು ಮದ್ದಿನಲ್ಲಿ ಅದ್ದಿ ನೋಡುವುದು. ಕೆಂಪು ಕೂತರೆ ಕಬ್ಬಿಣ ಕರಗಿ ತಾಮ್ರ ಹೊರಬಿದ್ದಿದೆ, ಸುಣ್ಣ ಇನ್ನೂ ಬೇಕು ಎಂದರ್ಥ. ಪಠ್ಯದಲ್ಲಿ 'ಸ್ಥಾನಪಲ್ಲಟ ಕ್ರಿಯೆ' ಎಂದು ಒಂದು ಕಡೆ, 'ತಟಸ್ಥೀಕರಣ' ಎಂದು ಇನ್ನೊಂದು ಕಡೆ ಬರುವ ಎರಡೂ ಪಾಠಗಳು ಈ ಒಂದು ಕತ್ತಿಯ ಅಲಗಿನಲ್ಲಿವೆ. ಯಾಕೆ ಬಳಸಿಕೊಳ್ಳಬಾರದು?

ಮೂರನೆಯದು, ದ್ರಾವಣ ಮತ್ತು ನಿಲಂಬನ. ತುತ್ತಿನ ನೀರು ದ್ರಾವಣ. ಸೋಸಿದರೆ ಸೋಸುಕಾಗದದಲ್ಲಿ ಏನೂ ಉಳಿಯದು. ಬೋರ್ಡೋ 'ದ್ರಾವಣ' ಎಂದು ಎಲ್ಲ ಕಡೆ ಬರೆಯುವುದುಂಟು, ಆದರೆ ಅದರಲ್ಲಿ ತಾಮ್ರ ಕರಗಿಲ್ಲ, ಕರಗದ ನಯವಾದ ಕಣಗಳಾಗಿ ತೇಲುತ್ತಿದೆ. ಹೊತ್ತು ಹೋದಂತೆ ಕಣ ದಪ್ಪವಾಗಿ ತಳ ಸೇರುತ್ತದೆ, ಅಂಟುವ ಗುಣ ಕಳೆಯುತ್ತದೆ. ಮಾಡಿದ ದಿನವೇ, ನಡುನಡುವೆ ಕಲಕುತ್ತಾ ಸಿಂಪಡಿಸಬೇಕು ಎನ್ನುವುದು ಇದೇ ಕಾರಣಕ್ಕೆ. ಅದು ನಿಜವಾದ ದ್ರಾವಣವಾಗಿದ್ದರೆ ಕಲಕುವ ಅಗತ್ಯವೇ ಇರಲಿಲ್ಲ, ಜೊತೆಗೆ ಮೊದಲ ಮಳೆಗೇ ತೊಳೆದು ಹೋಗುತ್ತಿತ್ತು.

ಬಾವಿನೀರಿನ ಪರೀಕ್ಷಾ ವರದಿಯೂ ಹತ್ತನೆಯ ತರಗತಿಯ ಪಾಠವಾಗಬಹುದು. ಅದರಲ್ಲಿ ಕ್ಲೋರೈಡ್ ಎಂದೂ ಉಳಿಕೆ ಕ್ಲೋರಿನ್ ಎಂದೂ ಬೇರೆ ಬೇರೆ ಸಾಲುಗಳಿರುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯಂತೆ ಕ್ಲೋರೈಡ್ ಲೀಟರಿಗೆ 250 ಮಿ.ಗ್ರಾಂ ತನಕ ಸ್ವೀಕಾರಾರ್ಹ. ಕ್ಲೋರಿನ್ ಹಾಕಿದ ನೀರಿನಲ್ಲಿ ಉಳಿಕೆ ಕ್ಲೋರಿನ್ ಕನಿಷ್ಠ 0.2 ಮಿ.ಗ್ರಾಂ ಇರಬೇಕು. ಒಂದಕ್ಕೆ ಮೇಲಿನ ಮಿತಿ, ಇನ್ನೊಂದಕ್ಕೆ ಕೆಳಗಿನದು. ಕ್ಲೋರೈಡ್ ಉಪ್ಪಿನ ಅಯಾನು, ಕಡಲ ಬದಿಯ ಬಾವಿಗಳಲ್ಲಿ ಉಪ್ಪುನೀರು ನುಗ್ಗಿದಾಗ ಏರುವುದು ಅದು; ಸಿಲ್ವರ್ ನೈಟ್ರೇಟ್ ಹಾಕಿದರೆ ಬಿಳಿ ಪ್ರಕ್ಷೇಪ ಬರುತ್ತದೆ. ಅದು ರೋಗಾಣುವನ್ನು ಕೊಲ್ಲುವುದಿಲ್ಲ. ಕೊಲ್ಲುವುದು ಬ್ಲೀಚಿಂಗ್ ಪೌಡರಿನ 'ಲಭ್ಯ ಕ್ಲೋರಿನ್'. ಶೇ. 30 ಲಭ್ಯ ಕ್ಲೋರಿನ್ ಇರುವ ಪುಡಿಯನ್ನು 1000 ಲೀಟರಿಗೆ 2.5 ಗ್ರಾಂ ಹಾಕಿದರೆ ಲೀಟರಿಗೆ 0.75 ಮಿ.ಗ್ರಾಂ ಸೇರುತ್ತದೆ, ನೀರಿನ ಕಶ್ಮಲ ತಿಂದು ಮಿಕ್ಕಿದ್ದು ಉಳಿಕೆ ಕ್ಲೋರಿನ್. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಪುಡಿಯಲ್ಲಿ ಲಭ್ಯ ಕ್ಲೋರಿನ್ ಇಳಿಯುತ್ತಾ ಹೋಗುತ್ತದೆ, ತೂಕ ಸರಿಯಾಗಿದ್ದರೂ ಕೆಲಸ ಆಗದು.

ಅದೇ ವರದಿಯಲ್ಲಿ ಗಡಸುತನ, ಕ್ಷಾರೀಯತೆ ಎರಡನ್ನೂ 'ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ' ಬರೆದಿರುತ್ತಾರೆ, ಎರಡಕ್ಕೂ ಮಿತಿ ಲೀಟರಿಗೆ 200 ಮಿ.ಗ್ರಾಂ, ಬೇರೆ ನೀರು ಸಿಗದಿದ್ದಲ್ಲಿ 600. ಹಾಗಾಗಿ ಎರಡೂ ಒಂದೇ ಎಂದು ತೋರುತ್ತದೆ. ಗಡಸುತನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳದ್ದು. ಕ್ಷಾರೀಯತೆ ಎಂದರೆ ಆಮ್ಲ ಹಾಕಿದಾಗ ನೀರು ಎಷ್ಟನ್ನು ತಡೆದುಕೊಳ್ಳುತ್ತದೆ ಎಂಬುದು. ಪಿಎಚ್ 7ಕ್ಕಿಂತ ಹೆಚ್ಚಿದ್ದರೆ ನೀರು ಕ್ಷಾರೀಯ ಎನ್ನುತ್ತೇವೆ, ಆದರೆ ಪಿಎಚ್ 6.8 ಇರುವ ನೀರಿಗೂ ಕ್ಷಾರೀಯತೆ ಇರಬಹುದು. ನಮ್ಮ ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೃದು, ತುಸು ಆಮ್ಲೀಯ, ಪಿಎಚ್ ಮಾನಕದ 6.5ಕ್ಕಿಂತ ಕೆಳಗೆ ಇಳಿಯುವುದು ಅಪರೂಪವಲ್ಲ. ನೈಟ್ರೇಟ್ ಸಾಲಿನಲ್ಲೂ ಎಚ್ಚರ ಬೇಕು: ನೈಟ್ರೇಟ್ 45 ಮಿ.ಗ್ರಾಂ ಎಂಬುದೂ ನೈಟ್ರೇಟ್‌ನ ಸಾರಜನಕ 10 ಮಿ.ಗ್ರಾಂ ಎಂಬುದೂ ಹೆಚ್ಚುಕಡಿಮೆ ಒಂದೇ ಪ್ರಮಾಣ.

ಎಂಡೋಸಲ್ಫಾನ್ ಎಂಬ ಕೀಟನಾಶಕದ ಹೆಸರು ಕೇಳದ ಮನೆ ಈ ಜಿಲ್ಲೆಯಲ್ಲಿಲ್ಲ. ಐಸೋಮರ್ ಪಾಠಕ್ಕೆ ಅದಕ್ಕಿಂತ ಹತ್ತಿರದ ಉದಾಹರಣೆ ಎಲ್ಲಿದೆ? ಮಾರಾಟಕ್ಕಿದ್ದ ಎಂಡೋಸಲ್ಫಾನ್ ಆಲ್ಫಾ, ಬೀಟಾ ಎಂಬ ಎರಡು ಐಸೋಮರ್‌ಗಳ ಮಿಶ್ರಣ, ಸುಮಾರು 7ಕ್ಕೆ 3ರಂತೆ. ಪರಮಾಣುಗಳ ಸಂಖ್ಯೆ ಒಂದೇ, ಜೋಡಣೆಯ ಆಕಾರ ಬೇರೆ. ಮಣ್ಣಿನಲ್ಲಿ ಇವು ಉತ್ಕರ್ಷಣೆಗೊಂಡು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಅದು ಐಸೋಮರ್ ಅಲ್ಲ, ಬೇರೆಯೇ ಸಂಯುಕ್ತ, ಇನ್ನೂ ಹೆಚ್ಚು ಕಾಲ ಉಳಿಯುವಂಥದ್ದು. ಮಣ್ಣಿನ ಪರೀಕ್ಷಾ ವರದಿಯಲ್ಲಿ ಆಲ್ಫಾದ ಸಾಲೊಂದನ್ನೇ ಓದಿ 'ಇಲ್ಲ' ಎನ್ನುವುದು ಪೂರ್ಣ ಉತ್ತರವಾಗದು. ಐಸೋಮರ್, ಐಸೋಟೋಪ್, ಐಸೋಬಾರ್ ಮೂರನ್ನೂ 'ಸಮ' ಎಂದು ಶುರುವಾಗುವ ಹೆಸರುಗಳಿಂದ ಕರೆದು ಮಕ್ಕಳನ್ನು ಸುಸ್ತು ಮಾಡುವ ಬದಲು ಈ ಮೂರನ್ನು ಹಾಗೆಯೇ ಬಿಡುವುದು ಲೇಸು ಎಂಬುದು ನಮ್ಮ ಅಭಿಪ್ರಾಯ.

ಪ್ರಯೋಗಶಾಲೆಯ ಬಾಟಲಿಗಳ ಬಗ್ಗೆ ಒಂದು ಮಾತು. ಸಲ್ಫೈಡ್, ಸಲ್ಫೈಟ್, ಸಲ್ಫೇಟ್: ಕೈಬರಹದ ಚೀಟಿ ಒದ್ದೆಯಾದರೆ ಇವು ಒಂದೇ. ಆಮ್ಲ ಹಾಕಿದಾಗ ಸೋಡಿಯಂ ಸಲ್ಫೈಟ್‌ನಿಂದ ಉಸಿರುಗಟ್ಟಿಸುವ ಗಂಧಕದ ಡೈಆಕ್ಸೈಡ್ ಬರುತ್ತದೆ, ಸಲ್ಫೈಡ್‌ನಿಂದ ಕೊಳೆತ ಮೊಟ್ಟೆಯ ನಾತದ, ಜೀವಕ್ಕೇ ಅಪಾಯವಾದ ಹೈಡ್ರೋಜನ್ ಸಲ್ಫೈಡ್, ಸಲ್ಫೇಟ್‌ನಿಂದ ಏನೂ ಇಲ್ಲ. ನೈಟ್ರೇಟ್, ನೈಟ್ರೈಟ್‌ಗಳದ್ದೂ ಹೀಗೆಯೇ. ಅಚ್ಚಾದ ಚೀಟಿಯಲ್ಲಿ ಕನ್ನಡದ ಹೆಸರಿನ ಜೊತೆ ರಾಸಾಯನಿಕ ಸೂತ್ರವೂ, ನೀರಿನ ಅಣುಗಳಿದ್ದರೆ ಅದೂ, ಮೋಲ್‌ನ ತೂಕವೂ ಇರಲಿ.

ಪದಪಟ್ಟಿ ತಯಾರಿಸುವಾಗ ಕರ್ನಾಟಕದ ಪಠ್ಯಗಳ ಪದಗಳನ್ನೂ ಪಕ್ಕದಲ್ಲಿಟ್ಟು ನೋಡಿ. ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಓದಲು ಹೋಗುವವರು ಕಡಿಮೆಯೇನಿಲ್ಲ. ಅಣು (ಮಾಲಿಕ್ಯೂಲ್), ಪರಮಾಣು (ಆಟಂ) ಪದಗಳಲ್ಲಿ ಮಾತ್ರ ಪತ್ರಿಕೆಗಳ ದಾರಿ ಹಿಡಿಯಬೇಡಿ, ಅವರ ಅಣುಬಾಂಬಿನಲ್ಲಿ ಒಡೆಯುವುದು ಪರಮಾಣು. ಪ್ರಶ್ನೆಪತ್ರಿಕೆಯ ಕನ್ನಡ ಪ್ರತಿಯನ್ನು ಅಚ್ಚಿಗೆ ಕಳುಹಿಸುವ ಮೊದಲು, ಮೂಲವನ್ನು ನೋಡದ ಒಬ್ಬ ಕನ್ನಡ ಮಾಧ್ಯಮದ ಅಧ್ಯಾಪಕರಿಂದ ಲೆಕ್ಕದ ಪ್ರಶ್ನೆಗಳನ್ನೆಲ್ಲ ಬಿಡಿಸಿ ನೋಡಿ. ಉತ್ತರ ಮೂಲದ ಉತ್ತರಸೂಚಿಗೆ ತಾಳೆಯಾಗದ ಪ್ರಶ್ನೆಯಲ್ಲಿ ಮೊದಲು ಏಕಮಾನವನ್ನೂ, ಆಮೇಲೆ ಪದವನ್ನೂ ಪರಿಶೀಲಿಸಿ. ಗೊಂದಲಕ್ಕೆ ಎಡೆಯಿರುವ ಪದದ ಪಕ್ಕ ಇಂಗ್ಲಿಷ್ ಪದವನ್ನೂ ಅಚ್ಚು ಹಾಕಿದರೆ ಯಾರಿಗೂ ನಷ್ಟವಿಲ್ಲ.

ಇಂತು,
ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕೆಲವು ರಸಾಯನಶಾಸ್ತ್ರ ಅಧ್ಯಾಪಕರು